ಹೊಳೆ ಬಿಟ್ಟು ಬಂದ ದೋಣಿ

ಹಿರಿಯರು: ನೋಡವಾ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಿಗೆ ದೇವರು ನೀರಿನ ವಿಷಯದಲ್ಲಿ ಕೈ ಬಿಗಿ ಹಿಡಿದಿಲ್ಲ. ಕೃಷ್ಣೆ ಇದ್ದಾಳೆ, ದೂಧಗಂಗೆ ಇದ್ದಾಳೆ, ವೇದಗಂಗೆ ಇದ್ದಾಳೆ. ನಿಪ್ಪಾಣಿಯ ಮಗ್ಗುಲಲ್ಲಿ ಪುಣೆ–ಬೆಂಗಳೂರು ಹೆದ್ದಾರಿ, ರಾಯಬಾಗ, ಕುಡಚಿಯ ಮೇಲೆ ಮಿರಜದ ರೈಲು. ಜನ ಬರಲು ದಾರಿಯೂ ಇದೆ. ಆದರೆ ನಮ್ಮ ಮಕ್ಕಳು ದೋಣಿಯಲ್ಲಿ ಕೂತು ಆಡಬೇಕೆಂದರೆ ಆಲಮಟ್ಟಿಯ ತೋಟಕ್ಕೆ ಹೋಗಬೇಕು. ಅದೂ ಸಾಲದೆಂದರೆ ಬಿಡದಿಯ ವಂಡರ್‌ಲಾ ತನಕ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬೇಕು. ಇಷ್ಟು ನೀರು ಮನೆ ಮುಂದೆ ಹರಿಯುವಾಗ ಹೊಳೆಯ ದಂಡೆಗೊಂದು ಥೀಮ್ ಪಾರ್ಕ್ ಕಟ್ಟಿ, ಹೊಳೆಗೇ ನಾಲ್ಕು ದೋಣಿ ಇಳಿಸಿದರೆ ಆಗದೇನು? ದೋಣಿ ಆಟಕ್ಕೆ ಬೇಕಾದ ಮುಖ್ಯ ಸಾಮಾನು ನೀರು. ಅದು ಪುಕ್ಕಟೆ ಸಿಗುತ್ತಿದೆ. ಮಿಕ್ಕದ್ದೆಲ್ಲ ಕಬ್ಬಿಣ ಮತ್ತು ಬಣ್ಣ.

ಕಿರಿಯಳು: ಕಾಕಾ, ನೀವು ಹೇಳಿದ ಕೊನೆಯ ಮಾತೇ ತಪ್ಪಿನ ಬೇರು. ದೋಣಿ ಆಟಕ್ಕೆ ಬೇಕಾದದ್ದು ನೀರಲ್ಲ, ಏರದ, ಇಳಿಯದ ನೀರಿನ ಮಟ್ಟ. ಇವೆರಡರ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಈ ಆಟ ಬೆಳೆದು ಬಂದ ಕತೆಯೇ ಹೇಳುತ್ತದೆ. ಅದು ಹುಟ್ಟಿದ್ದು ಹೊಳೆಯಲ್ಲಿ ಎಂಬುದು ಖರೆ. 1884ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ರಾಕ್ ಐಲೆಂಡ್‌ನಲ್ಲಿ ಗುಡ್ಡದ ಮೇಲಿಂದ ಹಳಿ ಹಾಸಿ, ಚಪ್ಪಟೆ ತಳದ ದೋಣಿಗಳನ್ನು ಕೆಳಗಿನ ಹೊಳೆಗೆ ಜಾರಿಬಿಡುವ ಆಟ ಶುರುವಾಯಿತು. ಹನ್ನೊಂದೇ ವರ್ಷದಲ್ಲಿ ಆ ಆಟ ಹೊಳೆ ಬಿಟ್ಟಿತು. 1895ರಲ್ಲಿ ಪಾಲ್ ಬಾಯ್ಟನ್ ಎಂಬಾತ ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಬೇಲಿ ಹಾಕಿ ಟಿಕೆಟ್ ಇಟ್ಟು ‘ಸೀ ಲಯನ್ ಪಾರ್ಕ್’ ತೆರೆದಾಗ, ಅದೇ ಜಾರುದೋಣಿಯನ್ನು ಕಟ್ಟಿದ ಕೊಳಕ್ಕೆ ಇಳಿಸಿದ. ಎದುರಿಗೇ ಅಟ್ಲಾಂಟಿಕ್ ಸಮುದ್ರವಿದ್ದರೂ ಅವನಿಗೆ ಕೊಳವೇ ಬೇಕಾಯಿತು. ಭರತ–ಇಳಿತಗಳಿರುವ ನೀರು ಟಿಕೆಟಿನ ವೇಳೆ ಕೇಳುವುದಿಲ್ಲವಲ್ಲ.

ಹಿರಿಯರು: ಒಬ್ಬ ಕೊಳ ಕಟ್ಟಿದ ಎಂದರೆ ಅದೇ ನಿಯಮ ಎನ್ನಲಾದೀತೇ? ಅಲ್ಲಿ ಅವನಿಗೆ ಜಾಗದ ಅನುಕೂಲವೋ, ಬೇಲಿ ಹಾಕುವ ಅನುಕೂಲವೋ ಇದ್ದಿರಬೇಕು.

ಕಿರಿಯಳು: ಒಬ್ಬನೇ ಆಗಿದ್ದರೆ ನಿಮ್ಮ ಮಾತು ಒಪ್ಪಬಹುದಿತ್ತು. ಮುಂದೆ ಬಂದವರೆಲ್ಲ ಅದೇ ದಿಕ್ಕಿಗೆ ನಡೆದರು. ಪಿಟ್ಸ್‌ಬರ್ಗ್ ಹತ್ತಿರದ ಕೆನಿವುಡ್ ಪಾರ್ಕಿನಲ್ಲಿ 1901ರಲ್ಲಿ ‘ಓಲ್ಡ್ ಮಿಲ್’ ಎಂಬ ಆಟ ಬಂತು. ಕತ್ತಲ ಸುರಂಗದೊಳಗೆ ಕಿರುಗಾಲುವೆ, ಅದರಲ್ಲಿ ತಾನಾಗಿ ತೇಲಿ ಸಾಗುವ ದೋಣಿ. ಹಳ್ಳದ ಗಿರಣಿಯಲ್ಲಿ ನೀರು ಚಕ್ರವನ್ನು ತಿರುಗಿಸುತ್ತದೆ. ಇಲ್ಲಿ ಚಕ್ರವೇ ನೀರನ್ನು ತಳ್ಳಿತು. ಅಂದರೆ ಹರಿವು ನಿಸರ್ಗದ ಕೈಯಿಂದ ಯಂತ್ರದ ಕೈಗೆ ಬಂತು. ದೋಣಿಯಲ್ಲಿ ಹುಟ್ಟು ಹಾಕುವವನು ಬೇಕಾಗಲಿಲ್ಲ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡಿನ ‘ಜಂಗಲ್ ಕ್ರೂಸ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ನೋಡಿದರೆ ಅದು ಕಾಡಿನ ನಡುವಿನ ಹೊಳೆ. ಚುಕ್ಕಾಣಿ ಹಿಡಿದವನೊಬ್ಬ ನಗೆಮಾತು ಆಡುತ್ತ ನಿಂತಿರುತ್ತಾನೆ. ಆದರೆ ದೋಣಿಯನ್ನು ತಿರುಗಿಸುವುದು ಅವನ ಕೈಯಲ್ಲ, ನೀರಿನ ತಳದಲ್ಲಿರುವ ಹಳಿ. ಆ ಹಳಿ ಕಾಣಬಾರದೆಂದೇ ನೀರಿಗೆ ಬಣ್ಣ ಕಲಸಿ ಕದಡಿದಂತೆ ಮಾಡುತ್ತಾರೆ. ಹೊಳೆಯಿಂದ ಮೊದಲು ಅಲೆಯನ್ನು ತೆಗೆದರು, ಆಮೇಲೆ ಹರಿವನ್ನು, ಆಮೇಲೆ ಅಂಬಿಗನ ಆಯ್ಕೆಯನ್ನು. ಈ ಆಟದ ಬೆಳವಣಿಗೆಯೆಂದರೆ ಹೀಗೆ ಒಂದೊಂದಾಗಿ ಕಳೆಯುತ್ತ ಹೋದದ್ದು.

ಹಿರಿಯರು: ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಏನು ಮತ್ತೆ? ಅಷ್ಟು ಖರ್ಚು ಮಾಡಿ ಜನರನ್ನು ದೋಣಿಯಲ್ಲೇ ಏಕೆ ಕೂರಿಸಬೇಕು? ನಡೆಸಿಕೊಂಡು ಹೋದರೂ ಆಯಿತಲ್ಲ.

ಕಿರಿಯಳು: ಡಿಸ್ನಿಯವರೂ ಮೊದಲು ಹಾಗೆಯೇ ಯೋಚಿಸಿದ್ದರು. ಇಂದು ಜಗತ್ತಿನಲ್ಲೇ ಹೆಸರಾದ ದೋಣಿ ಆಟ ‘ಪೈರೇಟ್ಸ್ ಆಫ್ ದಿ ಕೆರಿಬಿಯನ್’. ಅದು ಮೊದಲ ನಕಾಶೆಯಲ್ಲಿ ದೋಣಿ ಆಟವೇ ಅಲ್ಲ. ಕಡಲುಗಳ್ಳರ ಮೇಣದ ಬೊಂಬೆಗಳ ನಡುವೆ ಜನ ನಡೆದು ನೋಡುವ ನೆಲಮಾಳಿಗೆಯ ಪ್ರದರ್ಶನ ಅದು. ನೆಲ ಅಗೆದು ಕಬ್ಬಿಣದ ಕೆಲಸವೂ ಶುರುವಾಗಿತ್ತು. ಅಷ್ಟರಲ್ಲಿ 1964ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕೆ ಮಳಿಗೆ ಕಟ್ಟಿಕೊಡುವ ಕೆಲಸ ಬಂತು, ಇದು ನಿಂತಿತು. ಆ ಪ್ರದರ್ಶನಕ್ಕೆಂದು ಮಾಡಿದ ‘ಇಟ್ಸ್ ಎ ಸ್ಮಾಲ್ ವರ್ಲ್ಡ್’ ಆಟದಲ್ಲಿ, ಆ್ಯರೋ ಡೆವಲಪ್‌ಮೆಂಟ್ ಎಂಬ ಕಂಪನಿಯ ಜೊತೆ ಸೇರಿ, ಕಾಲುವೆಯಲ್ಲಿ ಪಂಪಿನ ನೀರನ್ನು ಚಿಮ್ಮಿಸಿ ದೋಣಿ ಸಾಗಿಸುವ ಏರ್ಪಾಟು ಮಾಡಿದರು. ಎಂಥ ಜನಜಂಗುಳಿ ಬಂದರೂ ಸಾಲು ಸರಿಯುತ್ತಲೇ ಇತ್ತು. ನಡೆಯುವ ಜನ ಚೆಂದ ಕಂಡಲ್ಲಿ ನಿಲ್ಲುತ್ತಾರೆ, ಹಿಂದಿನವರಿಗೆ ಅಡ್ಡವಾಗುತ್ತಾರೆ. ಚಿಂಚಲಿ ಮಾಯಕ್ಕನ ಜಾತ್ರೆಯ ನೂಕುನುಗ್ಗಲು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೋಣಿಯಲ್ಲಿ ಕೂತವರು ನಿಲ್ಲುವುದಿಲ್ಲ. 20 ಜನರ ದೋಣಿ ಅರ್ಧ ನಿಮಿಷಕ್ಕೊಂದರಂತೆ ಹೊರಟರೆ ತಾಸಿಗೆ 2,400 ಜನ ಎಂದಾಯಿತು. ಅದೇ 20 ಜನರ ದೋಣಿ ಹೊಳೆಯಲ್ಲಿ ಜನ ತುಂಬುವ ತನಕ ಕಾದು, ಸುತ್ತು ಹಾಕಿ ಬರಲು ಅರ್ಧ ತಾಸು ಹಿಡಿದರೆ ತಾಸಿಗೆ 40 ಜನ. ನ್ಯೂಯಾರ್ಕಿನ ಅನುಭವದ ಮೇಲೆ ನಡೆದು ನೋಡುವ ಯೋಜನೆ ಬಿಟ್ಟು, ದೋಣಿಯ ಯೋಜನೆ ಹಾಕಿದರು. 1966ರ ಡಿಸೆಂಬರ್ 15ರಂದು ವಾಲ್ಟ್ ಡಿಸ್ನಿ ತೀರಿಕೊಂಡ. ಆಟ ತೆರೆದದ್ದು 1967ರ ಮಾರ್ಚ್ 18ರಂದು.

ಹಿರಿಯರು: ಆ ಆಟದಲ್ಲಿ ದೋಣಿ ಕತ್ತಲಲ್ಲಿ ದಬಕ್ಕನೆ ಕೆಳಗೆ ಬೀಳುತ್ತದಂತೆ. ಹಾಗಾದರೆ ಮಟ್ಟ ಏರಬಾರದು, ಇಳಿಯಬಾರದು ಎಂಬ ನಿನ್ನ ಮಾತು ಎಲ್ಲಿ ಉಳಿಯಿತು? ಜನ ದುಡ್ಡು ಕೊಡುವುದೇ ಆ ಬೀಳುವಿಕೆಗೆ.

ಕಿರಿಯಳು: ಆ ಇಳಿಜಾರು ಬಂದದ್ದು ಗಮ್ಮತ್ತಿಗಾಗಿ ಅಲ್ಲರೀ, ಜಾಗ ಸಾಲದ್ದಕ್ಕೆ. ಪಾರ್ಕಿನ ಸುತ್ತ ಮಣ್ಣಿನ ಏರಿ, ಅದರ ಮೇಲೆ ಪುಟ್ಟ ರೈಲು. ಆಟದ ದೊಡ್ಡ ಕಟ್ಟಡ ಏರಿಯ ಆಚೆಗಿತ್ತು. ದೋಣಿ ಹಳಿಯ ಅಡಿಯಿಂದ ಹಾದುಹೋಗಬೇಕಿತ್ತು, ಹಾಗಾಗಿ ಎರಡು ಕಡೆ ಕೆಳಗಿಳಿಸಿದರು, ಕೊನೆಗೆ ಮೇಲೆತ್ತಿ ತಂದರು. ನಮ್ಮ ಕೆನಾಲು ತಗ್ಗು ಬಂದಲ್ಲಿ ಮೆಟ್ಟಿಲಿಳಿದು ಮುಂದೆ ಮತ್ತೆ ಸಮನಾಗಿ ಹರಿಯುವುದಿಲ್ಲವೇ? ಇದೂ ಹಾಗೆಯೇ. ಇಳಿಜಾರಿನ ಮೇಲೂ ಕೆಳಗೂ ನೀರು ಅಳೆದ ಮಟ್ಟದಲ್ಲೇ ನಿಲ್ಲಬೇಕು. ಕೆಳಗಿನ ನೀರು ಕಡಿಮೆಯಾದರೆ ದೋಣಿ ತಳಕ್ಕೆ ಬಡಿಯುತ್ತದೆ, ಹೆಚ್ಚಾದರೆ ಕೂತವರ ಮೈಮೇಲೆ ಬರುತ್ತದೆ. 1963ರಲ್ಲಿ ಟೆಕ್ಸಾಸ್‌ನಲ್ಲಿ ಬಂದ ಮರದ ದಿಮ್ಮಿಯಾಕಾರದ ದೋಣಿಯ ಆಟಕ್ಕೂ ಇದೇ ಲೆಕ್ಕ. 1980ರಲ್ಲಿ ಹ್ಯೂಸ್ಟನ್‌ನಲ್ಲಿ ಇಂಟಾಮಿನ್ ಕಂಪನಿ ಕಟ್ಟಿದ ದುಂಡು ತೆಪ್ಪದ ಆಟ ಕಣ್ಣಿಗೆ ಪ್ರವಾಹದಂತೆ ಕಾಣುತ್ತದೆ, ಅದರ ಒಂದೊಂದು ಸುಳಿಯೂ ಕಾಂಕ್ರೀಟಿನಲ್ಲಿ ಮೊದಲೇ ಬರೆದಿಟ್ಟದ್ದು. 2016ರಲ್ಲಿ ಶಾಂಘಾಯಿಯಲ್ಲಿ ತೆರೆದ ಪೈರೇಟ್ಸ್ ಆಟದಲ್ಲಿ ನೀರಿನಡಿಯ ಅಯಸ್ಕಾಂತಗಳು ದೋಣಿಯನ್ನು ಬೇಕಾದತ್ತ ತಿರುಗಿಸುತ್ತವೆ, ಬೇಕಾದಾಗ ನಿಲ್ಲಿಸುತ್ತವೆ. ನೋಡುವವರಿಗೆ ಆಟ ಎಷ್ಟು ಒರಟಾಗಿ ಕಂಡಿತೋ, ಒಳಗೆ ಹಿಡಿತ ಅಷ್ಟು ಬಿಗಿಯಾಯಿತು.

ಹಿರಿಯರು: ಆಯಿತು, ಮಟ್ಟವೇ ಮುಖ್ಯ ಎನ್ನೋಣ. ಕೃಷ್ಣೆಗೆ ಬ್ಯಾರೇಜುಗಳಿಲ್ಲವೇ? ಕಲ್ಲೋಳದ ಬಳಿ ಇದೆ, ಹಿಪ್ಪರಗಿಯಲ್ಲಿದೆ. ಗೇಟು ಇಳಿಸಿದರೆ ನೀರು ನಿಲ್ಲುತ್ತದೆ. ಮೈಸೂರಿನ ಕಡೆ ಬೃಂದಾವನದಲ್ಲಿ 1932ರಿಂದಲೂ ತೋಟವಿದೆ, ದೋಣಿ ಇದೆ. ಆಲಮಟ್ಟಿಯಲ್ಲೂ ಇದೆ. ಅಣೆಕಟ್ಟಿನ ಮಗ್ಗುಲಲ್ಲಿ ನಡೆಯುವುದು ಬ್ಯಾರೇಜಿನ ಮಗ್ಗುಲಲ್ಲಿ ಏಕೆ ನಡೆಯಬಾರದು?

ಕಿರಿಯಳು: ಬೃಂದಾವನದ ದೋಣಿ ಕಾವೇರಿಯ ತುಂಬು ಹರಿವಿಗೆ ಎದೆಯೊಡ್ಡುವುದಿಲ್ಲ, ತೋಟದ ಎರಡು ಭಾಗಗಳ ನಡುವಿನ ಕೊಳದಲ್ಲಿ ತೇಲುತ್ತದೆ. ಬೆನ್ನಿಗೆ ಕನ್ನಂಬಾಡಿಯಂಥ ಅಣೆಕಟ್ಟು ನೀರು ಹಿಡಿದು ನಿಂತಿದೆ. ನಮ್ಮ ಬ್ಯಾರೇಜುಗಳ ಕೆಲಸ ಬೇರೆ. ಅವು ಬೇಸಿಗೆಗೆಂದು ಒಂದಿಷ್ಟು ನೀರು ತಡೆದಿಡುತ್ತವೆ, ಮಳೆಗಾಲದಲ್ಲಿ ಗೇಟು ಎತ್ತಿ ಹೊಳೆಗೆ ದಾರಿ ಬಿಡುತ್ತವೆ. ಕೊಯ್ನಾ, ವಾರಣಾ, ರಾಧಾನಗರಿ, ಕಾಳಮ್ಮವಾಡಿ ಜಲಾಶಯಗಳ ಕಡೆ ಮಳೆ ಜೋರಾದರೆ ಇಲ್ಲಿ ಮೋಡವೇ ಇಲ್ಲದಿದ್ದರೂ ಹೊಳೆ ಏರುತ್ತದೆ. ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡ, ಅಕ್ಕೋಳ–ಸಿದ್ನಾಳ, ಜತ್ರಾಟ–ಭೀವಶಿ ಸೇತುವೆಗಳು ಮುಳುಗಿದ ಸುದ್ದಿ ಜುಲೈ–ಆಗಸ್ಟ್ ಪತ್ರಿಕೆಗಳಲ್ಲಿ ಪಂಚಾಂಗದ ಹಾಗೆ ತಪ್ಪದೆ ಬರುತ್ತದೆ. 2005, 2019, 2021ರಲ್ಲಿ ಊರುಗಳೇ ನೀರೊಳಗೆ ಹೋದವು. ಅದೇ ಹೊಳೆ ಏಪ್ರಿಲ್–ಮೇ ಹೊತ್ತಿಗೆ ಬಂಡೆ ತೋರಿಸುತ್ತದೆ. ಕುಡಿಯಲು ನೀರು ಬಿಡಿ ಎಂದು ಕರ್ನಾಟಕ ಮಹಾರಾಷ್ಟ್ರವನ್ನು ಕೇಳಬೇಕಾಗುತ್ತದೆ. ಮಕ್ಕಳಿಗೆ ದೊಡ್ಡ ರಜೆ ಸಿಗುವುದು ಆ ಎರಡು ತಿಂಗಳಲ್ಲೇ. ರಜೆ ಇದ್ದಾಗ ನೀರಿಲ್ಲ, ನೀರು ಬಂದಾಗ ಹೊಳೆಗೆ ಇಳಿಯುವಂತಿಲ್ಲ. ಇಂಥ ಹೊಳೆಯ ಮೇಲೆ ಟಿಕೆಟಿನ ಆಟ ಕಟ್ಟಿದರೆ ನಡುವೆ ಸಿಗುವುದು ನಾಲ್ಕಾರು ತಿಂಗಳು, ಅವೂ ಕಬ್ಬು ಕಡಿಯುವ ಹಂಗಾಮಿನವು.

ಹಿರಿಯರು: ಹಾಗಾದರೆ ಹೊಳೆಯಿಂದ ದೂರ, ಕಾಂಕ್ರೀಟಿನ ಕಾಲುವೆ ಕಟ್ಟಿ ಆಡಿಸಬೇಕು ಅಂತೀ. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ಊರಿದ್ದಾಗ ಆಟದ ಕಾಲುವೆಗೆ ನೀರು ತುಂಬಿಸಿದರೆ ಜನ ಸುಮ್ಮನಿದ್ದಾರೇನು?

ಕಿರಿಯಳು: ಕೇಳಬೇಕಾದ ಪ್ರಶ್ನೆಯೇ ಅದು. ಲೆಕ್ಕ ಹಾಕಿಯೇ ನೋಡೋಣ. 300 ಮೀಟರ್ ಉದ್ದ, 3 ಮೀಟರ್ ಅಗಲ, 1 ಮೀಟರ್ ಆಳದ ಕಾಲುವೆಗೆ ಹಿಡಿಯುವುದು 9 ಲಕ್ಷ ಲೀಟರ್. ಒಂದು ಎಕರೆ ಹೊಲದಲ್ಲಿ ಒಂದು ಅಡಿ ನೀರು ನಿಲ್ಲಿಸಿದರೆ 12 ಲಕ್ಷ ಲೀಟರ್ ದಾಟುತ್ತದೆ. ಕಬ್ಬು ಒಂದು ವರ್ಷದಲ್ಲಿ ಕುಡಿಯುವುದು ಅದರ ಹಲವು ಪಟ್ಟು. ಕಾಲುವೆಯ ನೀರು ಅಲ್ಲೇ ಸುತ್ತುತ್ತದೆ, ಆರಿದಷ್ಟನ್ನು ಮಾತ್ರ ತುಂಬಿಕೊಡಬೇಕು. ಕಟ್ಟಡದ ಮಾಳಿಗೆಯ ಮಳೆನೀರನ್ನು ಹೊಂಡಕ್ಕೆ ಇಳಿಸಿಕೊಂಡರೆ ಅದೂ ಹಗುರಾಗುತ್ತದೆ. ಹೊಳೆಯ ದೋಣಿಗೆ ನೀರು ಪುಕ್ಕಟೆ ಎಂದಿರಿ. ಆದರೆ ದೋಣಿ ತೇಲುವಷ್ಟು ನೀರು ಬೇಸಿಗೆಯಲ್ಲೂ ಹೊಳೆಯಲ್ಲಿ ನಿಲ್ಲಬೇಕೆಂದರೆ ಬ್ಯಾರೇಜಿನ ಹಿಂದೆ ಹೊಳೆಯನ್ನೇ ಹಿಡಿದಿಡಬೇಕು. ಆಗ ಹೊಳೆಯಿಂದ ನೀರೆತ್ತುವ ಜಾಕ್‌ವೆಲ್ಲಿನ ರೈತ ಕೆಳಗೆ ನೀರು ಬಿಡಿ ಎನ್ನುತ್ತಾನೆ, ಪಾರ್ಕಿನವನು ಬಿಡಬೇಡಿ ಎನ್ನುತ್ತಾನೆ. ಆಟ ಹೊಳೆ ಬಿಟ್ಟು ಬಂದರೆ ರೈತನಿಗೂ ಆಟಕ್ಕೂ ಜಗಳವೇ ಇಲ್ಲ.

ಹಿರಿಯರು: ಲೆಕ್ಕ ಸರಿ, ಆದರೆ ರುಚಿ ಎಲ್ಲಿ? ಕೃಷ್ಣೆಯ ಗಾಳಿ, ಆಚೆ ದಂಡೆಯ ಗುಡಿಯ ಶಿಖರ, ನೀರಕ್ಕಿ ಇವೆಲ್ಲ ಬಿಟ್ಟು ಮುಚ್ಚಿದ ಕಟ್ಟಡದಲ್ಲಿ ಬೊಂಬೆ ನೋಡುವುದು ನಕಲಿ ಸುಖ.

ಕಿರಿಯಳು: ನಕಲಿ ಹೌದು. ಹಾಗೆ ನೋಡಿದರೆ ತೊಗಲುಗೊಂಬೆಯೂ ನಕಲಿ, ಬಯಲಾಟದ ಕಿರೀಟವೂ ನಕಲಿ. ಅಲ್ಲಿ ನಾವು ಕೇಳುವುದು ಹೇಳುವ ಕತೆ ಯಾರದು, ಎಷ್ಟು ಚೆನ್ನಾಗಿ ಹೇಳಿದರು ಎಂಬುದನ್ನು. ದೋಣಿ ಆಟದಲ್ಲೂ ಅದನ್ನೇ ಕೇಳಬೇಕು. ಅಮೆರಿಕದವರು ತಮ್ಮ ಜಂಗಲ್ ಕ್ರೂಸಿಗೆ 1962ರಲ್ಲಿ ನಮ್ಮ ದೇಶದ ಆನೆಗಳ ಸ್ನಾನದ ಕೊಳ ಸೇರಿಸಿಕೊಂಡರು. ನಾವು ಅವರ ಕಡಲುಗಳ್ಳರನ್ನು ಇಲ್ಲಿ ತಂದು ನಿಲ್ಲಿಸಬೇಕಿಲ್ಲ. ಕೊಯ್ನಾದಿಂದ ಆಲಮಟ್ಟಿಯ ತನಕದ ಕೃಷ್ಣೆಯ ಒಂದು ವರ್ಷವನ್ನೇ ದೃಶ್ಯ ಮಾಡಬಹುದು. ಸಹ್ಯಾದ್ರಿಯ ಮಳೆ, ಖಿದ್ರಾಪುರದ ಕೋಪೇಶ್ವರ ಗುಡಿ, ಕುಡಚಿಯ ರೈಲು ಸೇತುವೆ, ನುರಿಸುವ ಹಂಗಾಮಿನ ಸಕ್ಕರೆ ಕಾರ್ಖಾನೆ, ನೆರೆಗೆ ಮನೆ ಬಿಟ್ಟು ಹೊರಟ ಊರು, ಬೇಸಿಗೆಯ ಬಂಡೆ. ಒಂದು ಎಚ್ಚರ ಮಾತ್ರ ಬೇಕು. ಪೈರೇಟ್ಸ್ ಆಟದಲ್ಲಿ ಹೆಣ್ಣುಮಕ್ಕಳನ್ನು ಹರಾಜು ಹಾಕುವ ದೃಶ್ಯ ಐವತ್ತು ವರ್ಷ ನಗೆಯಾಟವಾಗಿ ನಡೆಯಿತು. 2018ರಲ್ಲಿ ಡಿಸ್ನಿಲ್ಯಾಂಡಿನವರು ಅದನ್ನು ತೆಗೆದರು. ಜಂಗಲ್ ಕ್ರೂಸಿನಲ್ಲಿ ಕಾಡಿನ ಜನರನ್ನು ಕೀಳಾಗಿ ತೋರಿಸಿದ ದೃಶ್ಯಗಳನ್ನು 2021ರಲ್ಲಿ ಬದಲಿಸಿದರು. ನೀರಿನ ಮಟ್ಟವನ್ನು ಅಳೆದಷ್ಟೇ ಜತನದಿಂದ ನಗೆಯ ಮಟ್ಟವನ್ನೂ ಅಳೆಯಬೇಕು. ಅಂಬಿಗರನ್ನೋ ಕಬ್ಬು ಕಡಿಯುವ ಗ್ಯಾಂಗಿನವರನ್ನೋ ಹಾಸ್ಯದ ಬೊಂಬೆ ಮಾಡಿ ನಿಲ್ಲಿಸಿದರೆ ನಾಳೆ ನಮ್ಮ ಮಕ್ಕಳೇ ತಲೆ ತಗ್ಗಿಸಬೇಕಾಗುತ್ತದೆ.

ಹಿರಿಯರು: ಇನ್ನೊಂದು ಮಾತು ಉಳಿದಿದೆ. ಅದಕ್ಕೆ ಉತ್ತರ ಸಿಗದಿದ್ದರೆ ನಿನ್ನ ವಾದ ನಿಲ್ಲುವುದಿಲ್ಲ. ವಡೋದರಾದ ಹರಣಿ ಕೆರೆಯಲ್ಲಿ 2024ರ ಜನವರಿ 18ರಂದು ದೋಣಿ ಮಗುಚಿ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ಅದು ಹೊಳೆಯಲ್ಲ, ನೆರೆಯಿಲ್ಲ, ಸೆಳವಿಲ್ಲ. ನೀನು ಹೊಗಳುವ ನಿಂತ ನೀರೇ ಅದು. ನೀರು ಮಟ್ಟಸವಿದ್ದ ಮಾತ್ರಕ್ಕೆ ಜೀವ ಉಳಿಯುವುದಾದರೆ ಆ ಮಕ್ಕಳು ಉಳಿಯಬೇಕಿತ್ತು.

ಕಿರಿಯಳು: ಉಳಿಯಬೇಕಿತ್ತು, ಕಾಕಾ. ಈ ಆಕ್ಷೇಪ ನನ್ನ ಮಾತನ್ನು ತಿದ್ದುತ್ತದೆ, ಒಪ್ಪುತ್ತೇನೆ. ಇದಕ್ಕಿಂತ ಕಟುವಾದ ಸಾಕ್ಷಿಯೂ ಇದೆ. ಆಸ್ಟ್ರೇಲಿಯಾದ ಡ್ರೀಮ್‌ವರ್ಲ್ಡ್ ಪಾರ್ಕಿನಲ್ಲಿ 2016ರ ಅಕ್ಟೋಬರ್ 25ರಂದು ತೆಪ್ಪದ ಆಟದ ಪಂಪೊಂದು ನಿಂತಿತು. ಅಂದೇ ಅದು ಮೊದಲೂ ಕೈಕೊಟ್ಟಿತ್ತು. ಕಾಲುವೆಯ ನೀರು ಸರ್ರನೆ ಇಳಿದು ಒಂದು ತೆಪ್ಪ ತಳದ ಕಂಬಿಗಳ ಮೇಲೆ ಸಿಕ್ಕಿಕೊಂಡಿತು. ಹಿಂದಿನ ತೆಪ್ಪ ಬಂದು ಬಡಿಯಿತು, ಎಳೆಯುವ ಯಂತ್ರ ಓಡುತ್ತಲೇ ಇತ್ತು. ನಾಲ್ವರು ಸತ್ತರು. ನೀರು ಇಳಿದದ್ದನ್ನು ತಾನಾಗಿ ಗುರುತಿಸಿ ಆಟ ನಿಲ್ಲಿಸುವ ಸಾಧನ ಅಲ್ಲಿರಲಿಲ್ಲ. ಬಾವಿಯಲ್ಲಿ ನೀರು ತಳ ಕಂಡರೆ ಮೋಟರು ಸುಡದ ಹಾಗೆ ತಾನೇ ನಿಲ್ಲುವ ಸ್ಟಾರ್ಟರನ್ನು ನಮ್ಮ ರೈತರು ಕೂರಿಸಿಕೊಳ್ಳುತ್ತಾರೆ. ಮೋಟರಿಗೆ ಇರುವ ಕಾವಲು ಅಲ್ಲಿ ಮನುಷ್ಯರಿಗೆ ಇರಲಿಲ್ಲ. ಹರಣಿಯಲ್ಲಿ ನೀರು ಸರಿಯಿತ್ತು, ಎಣಿಕೆ ತಪ್ಪಿತ್ತು. ದೋಣಿಯಲ್ಲಿ ಹಿಡಿಯುವುದಕ್ಕಿಂತ ಹೆಚ್ಚು ಜನರಿದ್ದರು, ಹಲವರಿಗೆ ಜಾಕೆಟ್ ಇರಲಿಲ್ಲ. ಆದ್ದರಿಂದ ನೀರಿನ ಮಟ್ಟ ಒಂದೇ ಸಾಲದು. ಮಟ್ಟ, ಎಣಿಕೆ, ಎರಡು ದೋಣಿಗಳ ನಡುವಿನ ಅಂತರ, ಈ ಮೂರರಲ್ಲಿ ಒಂದು ತಪ್ಪಿದರೂ ಆಟ ತಾನಾಗಿ ನಿಲ್ಲಬೇಕು. ನೂರು ಚಿಲ್ಲರೆ ವರ್ಷಗಳಲ್ಲಿ ಈ ಆಟ ಕಲಿತದ್ದರ ಸಾರ ಇಷ್ಟೇ. ನಿಲ್ಲಿಸುವ ಏರ್ಪಾಟು ಇಲ್ಲದ ಕಡೆ ಕಾಂಕ್ರೀಟಿನ ಕಾಲುವೆಯೂ ಹೊಳೆಯಷ್ಟೇ ಅಪಾಯದ್ದು. ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಕಡೆ ಈ ಮಾತಿಗೆ ಎರಡು ಪಟ್ಟು ತೂಕ.

ಹಿರಿಯರು: ಹಾಗಾದರೆ ಹೊಳೆಯ ದೋಣಿಯನ್ನೇ ನಿಲ್ಲಿಸಿಬಿಡಬೇಕೇನು? ಅಥಣಿ ತಾಲ್ಲೂಕಿನ ಮಹಿಷವಾಡಗಿಯಿಂದ ರಬಕವಿಗೆ ಜನ ದೋಣಿಯಲ್ಲೇ ದಾಟಿದ್ದಾರೆ. ನೆರೆ ಬಂದಾಗ ಪ್ರಾಣ ಉಳಿಸುವುದೂ ದೋಣಿಯೇ. ನಿನ್ನ ಹಳಿ, ನಿನ್ನ ಪಂಪು ಅಲ್ಲಿ ಏನು ಮಾಡಿಯಾವು?

ಕಿರಿಯಳು: ಹಳಿ, ಪಂಪು ಅಲ್ಲಿಗೆ ಬರುವುದಿಲ್ಲ. ಅದಕ್ಕೇ ಆಟದ ದೋಣಿಯನ್ನೂ ದಾಟುವ ದೋಣಿಯನ್ನೂ ಒಂದೇ ನೀರಿನಲ್ಲಿ ಕಲಸಬಾರದು ಎನ್ನುವುದು. ಮುಂಬೈಯ ಗೋರಾಯಿಯಲ್ಲಿ 1989ರಲ್ಲಿ ತೆರೆದ ಎಸ್ಸೆಲ್ ವರ್ಲ್ಡ್‌ಗೆ ಹೋಗುವವರು ಖಾಡಿಯನ್ನು ನಿಜದ ದೋಣಿಯಲ್ಲೇ ದಾಟುತ್ತಿದ್ದರು. ಆಟ ಮಾತ್ರ ಬೇಲಿಯೊಳಗೆ. ಹೊಳೆ ಬಿಟ್ಟ ದೋಣಿ ಕಲಿತ ಮೂರು ಪಾಠಗಳಲ್ಲಿ ಎರಡು ಹೊಳೆಗೂ ಬರುತ್ತವೆ. ಮೊದಲನೆಯದು ಎಣಿಕೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ಅದೇ ವರ್ಷ ಆಗಸ್ಟ್ 8ರಂದು ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಪಾರಾಗಲು ಹತ್ತಿದ ದೋಣಿಯೇ ಮಗುಚಿ ಹತ್ತಕ್ಕೂ ಹೆಚ್ಚು ಮಂದಿ ಹೋದರು. ಅದು ನಮ್ಮ ಹೊಳೆಯ ಮೇಲ್ಗಡೆಯ ಊರು. ಎರಡನೆಯದು ಮಟ್ಟ. ಹೊಳೆಯ ಮಟ್ಟ ನಮ್ಮ ಕೈಯಲ್ಲಿಲ್ಲ ನಿಜ, ಆದರೆ ದೋಣಿ ನೀರಿನಲ್ಲಿ ಎಷ್ಟು ಮುಳುಗಬೇಕು ಎಂಬ ಮಟ್ಟ ನಮ್ಮ ಕೈಯಲ್ಲೇ ಇದೆ. ಬ್ರಿಟನ್ನಿನಲ್ಲಿ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸದ ಹಟ ಹಿಡಿದು ಹೋರಾಡಿದ್ದರಿಂದ 1876ರಲ್ಲಿ ಹಡಗಿನ ಹೊರಮೈಗೆ ಹೇರಿನ ಗೆರೆ ಬಳಿಯಬೇಕೆಂಬ ಕಾನೂನು ಬಂತು. ಗೆರೆ ಮುಳುಗಿತೆಂದರೆ ಭಾರ ಹೆಚ್ಚಾಯಿತು ಎಂದರ್ಥ. ಅಕ್ಷರ ಬಾರದವನಿಗೂ, ದಂಡೆಯ ಮೇಲೆ ನಿಂತ ಮಗುವಿಗೂ ಅದು ಕಾಣುತ್ತದೆ. ನಮ್ಮಲ್ಲಿ 1917ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2021ರ ಒಳನಾಡು ಜಲನೌಕೆಗಳ ಕಾಯ್ದೆ ಎಂಜಿನ್ ಇಲ್ಲದ ದೋಣಿಗಳ ನೋಂದಣಿಗೂ ದಾರಿ ಮಾಡಿದೆ. ಆ ದಾರಿಯಲ್ಲಿ ಮೊದಲು ನಡೆಯಬೇಕಾದದ್ದು ಹೊಳೆ ದಂಡೆಯ ಪಂಚಾಯಿತಿಗಳು.

ಹಿರಿಯರು: ಪಾರ್ಕ್ ಬೇಕು ಅಂತ ಮಾತು ತೆಗೆದವನು ನಾನು. ನೀ ನನ್ನನ್ನು ತಿರುಗಿಸಿ ದೋಣಿಕಟ್ಟೆಗೇ ತಂದು ನಿಲ್ಲಿಸಿದಿ. ಪಾರ್ಕ್ ಬೇಡವೇ ಬೇಡ ಅಂತೀಯೇನು?

ಕಿರಿಯಳು: ಬೇಡ ಎನ್ನುವುದಿಲ್ಲ. ಕಟ್ಟಲಿ, ಹೊಳೆಯ ನೆರೆ ಮುಟ್ಟದ ಎತ್ತರದಲ್ಲಿ, ಬೀಳು ಬಿದ್ದ ನೆಲದಲ್ಲಿ, ಸುತ್ತಿ ಬರುವ ನೀರಿನಲ್ಲಿ, ತಾನಾಗಿ ನಿಲ್ಲುವ ಯಂತ್ರದೊಂದಿಗೆ ಕಟ್ಟಲಿ. ಕೃಷ್ಣೆಯ ನೀರಿನಲ್ಲಿ ಓಡಾಡಿ ಬಲ್ಲ ಅಂಬಿಗರ ಮನೆಯ ಮಕ್ಕಳಿಗೆ ಅದರ ಉಸ್ತುವಾರಿ ಕೊಡಲಿ. ಆದರೆ ಆ ಕೆಲಸಕ್ಕೆ ಜಾಗ ಬೇಕು, ಹಣ ಬೇಕು, ವರ್ಷಗಳು ಬೇಕು. ಹೊಳೆ ದಾಟುವ ದೋಣಿಗೆ ಈ ಮಳೆಗಾಲದ ಮೊದಲೇ ಆಗಬೇಕಾದ ಕೆಲಸಕ್ಕೆ ಅಷ್ಟೆಲ್ಲ ಬೇಡ. ಹತ್ತುವ ಪ್ರತಿಯೊಬ್ಬರಿಗೂ ಒಂದು ಜಾಕೆಟ್, ಎಷ್ಟು ಜನ ಎಂಬ ಅಂಕಿ ಕನ್ನಡದಲ್ಲೂ ಮರಾಠಿಯಲ್ಲೂ, ದೋಣಿಯ ಹೊರಮೈಗೆ ಕೈಯಗಲದ ಒಂದು ಬಿಳಿ ಗೆರೆ. ಗೆರೆಗೆ ಒಂದು ಡಬ್ಬಿ ಬಣ್ಣ ಸಾಕು.